ಸುನಂದಾಳ ಉತ್ತರ ಸರಿಯಿತ್ತು

ರಾಮದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಆ ದಿನ ಇದ್ದವರು ಟ್ಯೂಶನ್ನಿನ ಹುಡುಗರು, ಪಿಯುಸಿ ಎರಡನೇ ವರ್ಷದ ಸುನಂದಾ, ಸುರೇಬಾನದಿಂದ ಬಂದಿದ್ದ ಅವಳ ಅಪ್ಪ ವೀರಪ್ಪ, ಮತ್ತು ನಾನು. ಸರಿಯಾದ ಉತ್ತರವನ್ನು ತಪ್ಪೆಂದು ಹೇಳಿ ಆ ಹುಡುಗಿಯ ಓದು ನಿಲ್ಲಿಸಿದವನು ನಾನು. ತಿಳಿಯದೆ ಮಾಡಿದೆ ಅಂದರೆ — ಅದೂ ಅರ್ಧ ಸುಳ್ಳೇ.

ತೊಂಬತ್ತರ ದಶಕದ ಮಾತು. ವೀರಪ್ಪ ತಲೆಗೆ ಸುತ್ತಿದ್ದ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಸಾಲಹಳ್ಳಿಯಿಂದ ಒಂದ ಸಂಬಂಧ ಬಂದೈತ್ರಿ ಸರ. ಇಕಿ ನೋಡಿದ್ರ ಧಾರವಾಡಕ್ಕ ಬಿಎಸ್ಸಿಗೆ ಹೊಕ್ಕೇನಿ ಅಂತಾಳ. ಗಣಿತ ಬರತೈತೇನ್ರಿ ಇಕಿಗೆ? ನೀವು ಹೂಂ ಅಂದ್ರ ಕಳಸ್ತೇನಿ."

ನಮ್ಮ ಕಡೆ ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ ಮಾಸ್ತರರ ಮಾತೇ ಕಡೆಯ ಮಾತು. ಆ ಗತ್ತಿನಲ್ಲೇ ಹಲಗೆಯ ಮೇಲೆ 'ಲಾಗ್ 5x' ಎಂದು ಬರೆದು, ಇದರ ಅವಕಲನ, ಅಂದರೆ ಡೆರಿವೇಟಿವ್, ತೆಗಿ ಅಂದೆ. ಅವಳು ತಡವರಿಸದೆ 1/x ಎಂದು ಬರೆದಳು.

ಲಾಗ್ ಒಳಗಿದ್ದುದನ್ನು ಹಾಗೇ ಒಂದರ ಕೆಳಗೆ ಇಳಿಸಿ ಎಂದು ಹುಡುಗರಿಗೆ ಸುಲಭದ ದಾರಿ ಹೇಳಿಕೊಡುತ್ತಿದ್ದವನು ನಾನೇ. ಅದರ ಉಳಿದರ್ಧ — ಒಳಗಿನದರ ಅವಕಲನದಿಂದ ಗುಣಿಸಬೇಕೆಂಬುದು — ಆ ಹೊತ್ತಿಗೆ ನೆನಪಾಗಲಿಲ್ಲ; ನನ್ನ ಲೆಕ್ಕಕ್ಕೆ ಉತ್ತರ 1/5x.

"ಐದು ಎಲ್ಲಿ ಹೋತವಾ? ರೊಟ್ಟಿ ಜೋಡಿ ತಿಂದು ಬಂದೀಯೇನ?"

ಹುಡುಗರು ನಕ್ಕರು. ವೀರಪ್ಪನವರೂ ನಕ್ಕರು, ನನ್ನ ಮರ್ಯಾದೆಗೆ.

"ಲಾಗ್ ಐದು ಬ್ಯಾರೆ, ಲಾಗ್ ಎಕ್ಸ್ ಬ್ಯಾರೆ ಮಾಡಿದ್ನಿರಿ ಸರ. ಲಾಗ್ ಐದು ಬದಲಾಗಂಗಿಲ್ಲ, ಅದರದು ಸೊನ್ನಿ..."

"ಸಾಕು, ಕುಂದರ," ಅಂದೆ. ವೀರಪ್ಪನವರ ಕಡೆ ತಿರುಗಿ, "ಇದು ಇಕಿಗೆ ಒಗ್ಗೂದಲ್ಲ ಬಿಡ್ರಿ."

ಅವರು ಹೋದ ಮೇಲೆ ಹಲಗೆ ಒರೆಸಲು ಎದ್ದೆ. ಒಂದರ ಕೆಳಗೆ 5x, ಅದಕ್ಕೆ ಐದರ ಗುಣಾಕಾರ, ಐದಕ್ಕೆ ಐದು ಹೋಯಿತು — ಉಳಿದದ್ದು ಅವಳು ಬರೆದದ್ದೇ. ಬಸ್ ಸ್ಟ್ಯಾಂಡ್ ನಮ್ಮ ಓಣಿಯ ತಿರುವಿನಲ್ಲೇ ಇತ್ತು, ಹೋದರೆ ಸಿಗುತ್ತಿದ್ದರು. ಆದರೆ ಹುಡುಗರು ನನ್ನನ್ನೇ ನೋಡುತ್ತಿದ್ದರು, ಅವರೆದುರು ನಾನು... ಹಲಗೆ ಒರೆಸಿ ಮುಂದಿನ ಲೆಕ್ಕ ಬರೆದೆ. ಅವಳ ಮದುವೆಗೂ ಹೋದೆ. ಅಕ್ಕಿಕಾಳು ಹಾಕಿ, ಉಂಡು ಬಂದೆ.

ಎಷ್ಟೋ ವರ್ಷದ ಮೇಲೆ, ನಿವೃತ್ತನಾಗಿ, ಸಾಲಹಳ್ಳಿಗೆ ಹೋಗಿ ಇಷ್ಟನ್ನೂ ಸುನಂದಾಳಿಗೆ ಹೇಳಿದೆ. ಅವಳು ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ರಿ ಸರ. ಬಸ್ಸಿನ್ಯಾಗ ಅಪ್ಪಗ ಹೇಳಿದ್ನಿ. ಮಾಸ್ತರು ಎಲ್ಲೆರ ತಪ್ಪ ಹೇಳ್ತಾರೇನ, ಸುಮ್ಮನಿರು ಅಂದ."

"ನಾಳೆ ಸುರೇಬಾನಕ್ಕ ಹೋಗಿ ಅವರಿಗೂ ಹೇಳತೇನವಾ."

"ಅಪ್ಪ ಹ್ವಾದ ವರ್ಷ ತೀರಿಕೊಂಡನ್ರಿ."

ಅವಳು ಎದ್ದು ಒಳಗೆ ಹೋಗಿ ಚಹಾಕ್ಕೆ ಇಟ್ಟಳು.