ಕುಬಿಹಾಳಕ್ಕೆ ಎಂಜಿನ್ ನೋಡಲು ಹೋದದ್ದು

ಎಂಬತ್ತರ ದಶಕದಲ್ಲಿ ಅಣ್ಣಿಗೇರಿಯಲ್ಲಿ ಎರಡು ರೈಲುಗಳಿದ್ದವು. ಒಂದು ಸರಕಾರದ್ದು, ಇನ್ನೊಂದು ನಮ್ಮ ಕಾಕಾ ಅವರದು. ಸರಕಾರದ್ದಕ್ಕೆ ಎಂಜಿನ್ ಇತ್ತು.

ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಗಾರ್ಡ್ ಆದವನು ಆಯುಷ್ಯವೆಲ್ಲ ಕೊನೆಯ ಡಬ್ಬಿಯಲ್ಲಿ ಕೂತಿರುತ್ತಾನೆ. ಅವನಿಗೆ ಎಂಜಿನ್ನಿನ ದರ್ಶನವಾಗುವುದು ತಿರುವು ಬಂದಾಗ ಮಾತ್ರ, ಅದೂ ಬೆನ್ನಿನ ಕಡೆಯಿಂದ. ಈ ಅನ್ಯಾಯವನ್ನು ಸರಿಪಡಿಸಿಕೊಳ್ಳಲು ಅವರು ಮಾಳಿಗೆಯ ಕೋಣೆಯಲ್ಲಿ ಎರಡು ಹಳೆಯ ಬಾಗಿಲುಗಳನ್ನು ಜೋಡಿಸಿ ಮಲಗಿಸಿ, ಅವುಗಳ ಮೇಲೆ ಹುಬ್ಬಳ್ಳಿಯಿಂದ ಗದಗದವರೆಗಿನ ಆಟಿಕೆ ರೈಲುಮಾರ್ಗ ಹಾಕಿದ್ದರು. ಜರಡಿ ಹಿಡಿದ ಎರೆಮಣ್ಣಿನ ಹೊಲ, ಜೋಳದ ದಂಟಿನ ತಂತಿಕಂಬ, ಕಡ್ಡಿಪೆಟ್ಟಿಗೆಯ ಸ್ಟೇಶನ್ನು. ನಿಜವಾದ ದಾರಿಯಲ್ಲಿ ಇಲ್ಲದ ಒಂದು ಜಾಲಿಗಿಡವನ್ನೂ ಅವರು ನೆಟ್ಟಿರಲಿಲ್ಲ. ಡಬ್ಬಿಗಳಿದ್ದವು. ಎಳೆಯುವುದಕ್ಕೆ ಮಾತ್ರ ಕಾಕಾ ಅವರ ತೋರುಬೆರಳು. ಹಿಂದೊಮ್ಮೆ ಯಾರೋ ಬದನೆಕಾಯಿ ಬಣ್ಣದ ಪ್ಲಾಸ್ಟಿಕ್ ಎಂಜಿನ್ ತಂದುಕೊಟ್ಟಾಗ ಅದನ್ನು ಮಾರ್ಗದಿಂದ ಎತ್ತಿ, ಬಾಗಿಲಾಚೆ ಇಟ್ಟು, ಕೈ ತೊಳೆದುಕೊಂಡಿದ್ದರು.

ಅವರಿಗೆ ಬೇಕಾದದ್ದು ಕೀಲಿ ಕೊಟ್ಟರೆ ಓಡುವ, ತಗಡಿನ, ಹಳೆಯ ಪರದೇಶಿ ಉಗಿ ಎಂಜಿನ್ನಿನ ಮಾದರಿ. ಅಸಲಿ ಎಂಜಿನ್ನಿನ ಮೋರೆಯ ಹಿತ್ತಾಳೆ ಬಿಲ್ಲೆಯ ಮೇಲೆ ಮಾಡಿದವರ ಹೆಸರು ಇರುತ್ತದೆ, ನಕಲಿಯದು ಬರೀ ಬಿಲ್ಲೆ. ನಕಲಿಯ ಸ್ಪ್ರಿಂಗು ಒಂದು ಮಳೆಗಾಲ ಕಾಣುವುದಿಲ್ಲ. “ಹೆಸರಿಲ್ಲದ ಎಂಜಿನ್ ನನ್ನ ಹಳಿ ಹತ್ತೂದಿಲ್ಲ ನೋಡಲೇ,” ಎಂದು ನನಗೆ ಆಗಾಗ ತಾಕೀತು ಮಾಡುತ್ತಿದ್ದರು, ನಾನೇ ಕಳ್ಳದಾರಿಯಿಂದ ಹತ್ತಿಸಲಿದ್ದೇನೆ ಎಂಬಂತೆ.

ನಾನಾಗ ಊರ ಶಾಲೆಯಲ್ಲಿ ಮಾಸ್ತರ. ನನ್ನ ಜೊತೆಗಿದ್ದ ಕುಬಿಹಾಳದ ಮಾಸ್ತರರು ಒಂದು ದಿನ ಚಹಾ ಕುಡಿಯುತ್ತ, ತಮ್ಮ ಮನೆಯ ದೇವರ ಕೋಣೆಯಲ್ಲಿ ಅಂಥದೊಂದು ಇದೆ, ಅಜ್ಜ ಮುಂಬಯಿಯಿಂದ ತಂದದ್ದು, ಅವ್ವ ಮನಸ್ಸು ಮಾಡಿದರೆ ಕೊಟ್ಟಾಳು ಎಂದರು. ಮುಂದಿನ ರವಿವಾರವೇ ಕಾಕಾ ಕೋಟು ತೊಟ್ಟು, ಚೀಲದಲ್ಲಿ ಭೂತಗನ್ನಡಿ ಮತ್ತು ಗೇಣುದ್ದದ ತುಂಡು ಹಳಿ ಇಟ್ಟುಕೊಂಡು ನನ್ನನ್ನು ಹೊರಡಿಸಿದರು.

ಬಸ್ಸಿನಲ್ಲಿ ಬಾಜೂ ಕೂತವನು ಕಾಕಾ ಅವರ ಕೋಟು ನೋಡಿ, “ಕನ್ಯಾ ನೋಡಾಕ ಹೊಂಟೀರೇನ್ರಿ?” ಎಂದ.

“ಹಂಗಽ ಅಂತ ತಿಳೀರಿ.”

“ಹುಡುಗ ಇವರೇನ್ರಿ? ವಯಸ್ಸು ಒಂದೀಟ ದಾಟೇತಿ ಬಿಡ್ರಿ.”

ನನ್ನ ಹೆಂಡತಿ ಎರಡು ಮಕ್ಕಳೊಡನೆ ಮನೆಯಲ್ಲಿದ್ದಳು. ನಾನು ಕಿಟಕಿಯಾಚೆಯ ಕಡಲೆ ಬೆಳೆಯನ್ನು ಆಳವಾಗಿ ಅಭ್ಯಾಸ ಮಾಡತೊಡಗಿದೆ.

ಕುಬಿಹಾಳದಲ್ಲಿ ಪಡಸಾಲೆಗೆ ಜಮಖಾನ ಹಾಸಿದ್ದರು. ಉಪ್ಪಿಟ್ಟು ಬಂತು. ಮಾಸ್ತರರ ತಂದೆ ಮೂಲೆಯಲ್ಲಿ ಗೋಡೆಗೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದರು. ಆಮೇಲೆ ಮಾಸ್ತರರ ತಾಯಿ ತಾಟಿನಲ್ಲಿ ಎಂಜಿನ್ನನ್ನು ಖಣದಿಂದ ಮುಚ್ಚಿಕೊಂಡು ಬಂದು, ನಮ್ಮ ಮುಂದಿಟ್ಟು, ಖಣ ಸರಿಸಿದರು. ಹೊಗೆಕೊಳವೆ ಇತ್ತು, ಚಕ್ರಗಳಿದ್ದವು, ಹಿಂದೆ ಕಲ್ಲಿದ್ದಲಿನ ಪುಟ್ಟ ಡಬ್ಬಿ ಇತ್ತು. ಮೋರೆ ಇರಬೇಕಾದಲ್ಲಿ ಒಂದು ಕೆಂಪು ಗುಡ್ಡ. ಮನೆಗೆ ಬಂದ ವರ್ಷ ನವರಾತ್ರಿಯ ಖಂಡೆಪೂಜೆಗೆ ನೇಗಿಲ ಕುಡ, ಕುಡಗೋಲುಗಳ ಸಾಲಿನಲ್ಲಿ ಅದನ್ನೂ ಕೂರಿಸಿದ್ದರಂತೆ. ಅಂದಿನಿಂದ ಪ್ರತಿ ವರ್ಷ ಚಕ್ರಕ್ಕೆ ಎಣ್ಣೆ, ಮೋರೆಗೆ ಕುಂಕುಮ.

ಕಾಕಾ ತುಂಡು ಹಳಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಎಂಜಿನ್ ಕೂರಿಸಿದರು. ಜಾತಕ ಕೂಡಿದ ಹಾಗೆ ಕೂತಿತು. ಭೂತಗನ್ನಡಿ ಹಿಡಿದು ಚಕ್ರ ಎಣಿಸಿದರು, ಸರಳು ಮುಟ್ಟಿದರು, ಹೊಟ್ಟೆಯ ಕೆಳಗೆ ಇಣುಕಿದರು. ಪ್ರತಿಯೊಂದಕ್ಕೂ “ಹೂಂ” ಎಂದರು. ಉಳಿದದ್ದು ಹೆಸರು. ಟವೆಲಿನ ತುದಿಯನ್ನು ನೀರಲ್ಲಿ ಅದ್ದಿ ಮೋರೆಯತ್ತ ಒಯ್ದರು.

“ಏ, ಕೈ ತಗೀರಿ! ಕುಂಕುಮ ಒರಸ್ತೀರೇನ್ರಿ? ಮುತ್ತೈದಿ ಅಕಿ!”

ಕಾಕಾ ಕೈ ತೆಗೆದರು. ತಗ್ಗಿದ ದನಿಯಲ್ಲಿ, “ಗಂಡ ಯಾರ್ರಿ ಅವ್ವಾರ?” ಎಂದರು.

“ಅದನ್ನ ನೀವ ಹೇಳಬೇಕು. ರೈಲ್ವೇದಾಗ ಇದ್ದವರು ನೀವು.”

ವಿಚಾರಣೆ ಅಲ್ಲಿಗೆ ನಿಂತಿತು. ಕುಂಕುಮ ಹೋಗದೆ ಹೆಸರು ಕಾಣುವುದಿಲ್ಲ. ಹೆಸರು ಕಾಣದೆ ಕಾಕಾ ಒಪ್ಪುವುದಿಲ್ಲ. ಕುಂಕುಮ ಒರೆಸಲು ಆ ತಾಯಿ ಬಿಡುವುದಿಲ್ಲ. ಕಾಕಾ ಎಂಜಿನ್ನನ್ನೇ ನೋಡುತ್ತ ಕೂತರು. ಉಪ್ಪಿಟ್ಟು ಆರಿತು. ಇಷ್ಟು ವರ್ಷ ಕಾದದ್ದು ತುಂಡು ಹಳಿಯ ಮೇಲೆ ನಿಂತಿದೆ, ಎತ್ತಿಕೊಳ್ಳುವಂತಿಲ್ಲ, ಬಿಟ್ಟು ಏಳುವಂತಿಲ್ಲ.

ಮೂಲೆಯಿಂದ ಯಜಮಾನರು ಬಾಯಿಯೊಳಗಿನ ಎಲೆಯನ್ನು ದವಡೆಗೆ ಸರಿಸಿ, ಹೆಂಡತಿಗೆ ಹೇಳಿದರು: “ನೀ ತಲಿಗೆ ಎರಕೊಂಡಾಗ ನಿನ್ನ ಕುಂಕುಮ ಎಲ್ಲಿ ಹೋಗತೈತಿ?”

“ನೀರಿಗೆ ಹೋಗತೈತಿ. ಮತ್ತ ಹಚ್ಕೋತೇನಿ.”

“ನಾ ಇನ್ನೂ ಇದ್ದೇನಿಲ್ಲ?”

ಆ ತಾಯಿ ಗಂಡನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡರು. ಒರೆಸುವುದು ಬೇರೆ, ಎರೆಯುವುದು ಬೇರೆ ಎಂಬ ತೀರ್ಪಾಯಿತು. ಒಳಗಿನ ಸ್ಪ್ರಿಂಗಿಗೆ ನೀರು ತಾಗೀತೆಂದು ಕಾಕಾ ಗಾಬರಿಯಾದದ್ದರಿಂದ, ಬರೀ ಮೋರೆಗೆ, ನೀರಿನ ಬದಲು ಬೆಚ್ಚಗಿನ ಕುಸುಬಿ ಎಣ್ಣೆ ಎರೆಯುವುದೆಂದು ರಾಜಿಯಾಯಿತು. ಎಣ್ಣೆ ಹಿಡಿದಂತೆ ಕೆಂಪು ಗುಡ್ಡ ಪದರು ಪದರಾಗಿ ಇಳಿಯಿತು. ಕೆಳಗೆ ಹೊಚ್ಚಹೊಸದರಂಥ ಹಸಿರು ಬಣ್ಣ. ನಡುವೆ ಹಿತ್ತಾಳೆ ಬಿಲ್ಲೆ.

ಕಾಕಾ ಭೂತಗನ್ನಡಿ ಹಿಡಿದು ಬಗ್ಗಿದರು. ಬಹಳ ಹೊತ್ತಾದರೂ ಏಳಲಿಲ್ಲ. ಬಿಲ್ಲೆ ನುಣ್ಣಗಿತ್ತು. ವರ್ಷ ವರ್ಷ ಕುಂಕುಮ ತೀಡಿದ ಬೆರಳುಗಳು ಹೆಸರನ್ನು ಸವೆಸಿದ್ದಿರಬಹುದು. ಅಕ್ಷರ ಇದ್ದವೋ, ಮೊದಲಿನಿಂದ ಇರಲೇ ಇಲ್ಲವೋ, ಯಾವ ಭೂತಗನ್ನಡಿಯೂ ಹೇಳುವಂತಿರಲಿಲ್ಲ.

“ಹೆಸರಿಲ್ಲರಿ,” ಎಂದರು, ಮನೆಯಲ್ಲಿ ಸಾವಾದವರ ಹಾಗೆ.

“ಹೋಗ್ಲಿ ಬಿಡ್ರಿ,” ಎಂದರು ಆ ತಾಯಿ. “ನನ್ನ ನೋಡಾಕ ಬಂದವರು ಬರೀ ಹೆಸರು ಕೇಳಿ ಹೋಗಲಿಲ್ಲ. ನಡಿಸಿ ನೋಡಿದ್ರು.” ಸೊಂಟದ ಕೀಲಿಗೊಂಚಲು ತೆಗೆದು, ಅದರಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಎಂಜಿನ್ನಿನ ಪಕ್ಕೆಗೆ ಹಾಕಿ ತಿರುವಿ, ನೆಲಕ್ಕೆ ಬಿಟ್ಟರು.

ಅದು ಓಡಿತು. ಗಿರ್ ಎಂದು ಪಡಸಾಲೆಯ ಕಲ್ಲುಹಾಸಿನ ಉದ್ದಕ್ಕೂ ಓಡಿ, ಯಜಮಾನರ ಕಾಲು ಸವರಿ, ಹೊಸ್ತಿಲಿಗೆ ಮೋರೆ ಒತ್ತಿ ನಿಂತು, ಅಲ್ಲಿಯೂ ಚಕ್ರ ತಿರುಗಿಸುತ್ತಲೇ ಇತ್ತು. ಇಷ್ಟು ವರ್ಷ ಎಣ್ಣೆ ಉಂಡ ಸ್ಪ್ರಿಂಗು. ಕಾಕಾ ಅದರ ಸದ್ದು ಪೂರ್ತಿ ನಿಲ್ಲುವವರೆಗೆ ಉಸಿರು ಬಿಡಲಿಲ್ಲ. ಆಮೇಲೆ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿ, “ನಮಗ ಪಸಂತ ಐತ್ರಿ,” ಎಂದರು.

“ನಿಮಗ ಆತು. ನಾವು ಮನಿ ನೋಡಬೇಕಲ್ಲರಿ?”

ಮುಂದಿನ ವಾರ ಗಂಡಹೆಂಡತಿ ಇಬ್ಬರೂ ಅಣ್ಣಿಗೇರಿಗೆ ಬಂದು ಮಾಳಿಗೆ ಹತ್ತಿದರು. ಆ ತಾಯಿ ಬಾಗಿಲುಗಳ ಸುತ್ತ ಒಂದು ಸುತ್ತು ಬಂದು, ಹೊಲ ನೋಡಿದರು, ಕಂಬ ನೋಡಿದರು, ತಲೆದೂಗಿದರು. “ಕುಬಿಹಾಳ ಎಲ್ಲೈತ್ರಿ?”

“ನಿಮ್ಮೂರಿಗೆ ರೈಲಿಲ್ಲಲ್ಲರಿ ಅವ್ವಾರ.”

“ಮತ್ತ ಹುಡುಗಿ ತವರಿಗೆ ಹೆಂಗ ಬರಬೇಕು? ನಡಕೊಂತ?”

ಕಾಕಾ ಅವರ ಹಣೆಯಲ್ಲಿ ಬೆವರು ಕಂಡದ್ದು ನನ್ನ ತಿಳಿವಳಿಕೆಯಲ್ಲಿ ಅದೊಂದೇ ಸಲ. ಇಲ್ಲದ ಜಾಲಿಗಿಡ ನೆಡದ ಮನುಷ್ಯ ಅವರು. ಮಾರ್ಗದ ಮೇಲೆ ಅತ್ತಿಂದಿತ್ತ ಕಣ್ಣಾಡಿಸಿದರು. ಕೊನೆಗೆ ನನ್ನ ಕಡೆ ತಿರುಗದೆಯೇ ಕೈ ಚಾಚಿ, “ಕಡ್ಡಿಪೆಟ್ಟಿಗಿ ತಾರಲೇ,” ಎಂದರು.

ಹೀಗೆ ಕುಬಿಹಾಳಕ್ಕೆ ರೈಲು ಬಂತು. ಯಾವ ಮಂತ್ರಿಯೂ ಬರಲಿಲ್ಲ, ಭಾಷಣವೂ ಆಗಲಿಲ್ಲ. ಆ ತಾಯಿ ಎಂಜಿನ್ನಿನ ಮೋರೆಗೆ ಹೊಸದಾಗಿ ಕುಂಕುಮ ಇಟ್ಟು, ಸಣ್ಣ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಕಾಕಾ ಅವರ ಕೈಗೆ ಕೊಟ್ಟು, ಉಡಿ ತುಂಬಿದರು: ಕಲ್ಲಿದ್ದಲಿನ ಡಬ್ಬಿಯ ತುಂಬ ಅಕ್ಕಿ, ಮೇಲೊಂದು ಅರಿಷಿಣದ ಕೊನೆ.

ಆ ಎಂಜಿನ್ ಕಾಕಾ ಇರುವವರೆಗೂ ಓಡಿತು, ಕುಬಿಹಾಳದಲ್ಲಿ ತಪ್ಪದೆ ನಿಂತಿತು. ಅಸಲಿಯೋ ನಕಲಿಯೋ ಎಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅಕ್ಕಿಯನ್ನೂ ತೆಗೆಯಲಿಲ್ಲ. ಒಮ್ಮೆ ಅದಕ್ಕೆ ಇರುವೆ ಮುತ್ತಿದ್ದನ್ನು ತೋರಿಸಿದಾಗ, ಬಗ್ಗಿ ನೋಡಿ, ಗಾರ್ಡಿನ ಗಾಂಭೀರ್ಯದಿಂದ, “ಟಿಕೀಟಿಲ್ಲದವು. ಗದಗದಾಗ ಇಳೀತಾವು ಬಿಡು,” ಎಂದರು.