ಕಂಬಳಿಯ ಮೇಲೆ ಕೂತ ದೇವರು

ಅಕ್ಕನನ್ನು ಗಂಡನ ಮನೆಗೆ ಬಿಡಲು ಹೊರಟಾಗ ಸೈಕಲ್ಲಿನ ಕ್ಯಾರಿಯರ್‌ಗೆ ಕಂಬಳಿ ಮಡಿಸಿ ಕಟ್ಟಬೇಕಿತ್ತು, ನಾನು ಕಟ್ಟಲಿಲ್ಲ. “ಅದು ದೇವರ ಗದ್ದಿಗಿಗೆ ಹಾಸೋ ಕಂಬಳಿ, ಮನುಷ್ಯಾರು ಕುಂದ್ರಬಾರದು” ಎಂದು ಅವಳಿಗೆ ಹೇಳಿದೆ. ಆಮೇಲೆ ಅದನ್ನು ಗುಟ್ಟಾಗಿ ನನ್ನ ಸೀಟಿಗೆ ಸುತ್ತಿ, ಕಾಣದಂತೆ ಟವೆಲ್ ಹೊದಿಸಿದೆ. ಸೀಟಿನ ಚರ್ಮ ಹರಿದು ಸ್ಪ್ರಿಂಗ್ ಹೊರಬಂದಿತ್ತು.

ಕೊಟ್ಟೂರಿನಿಂದ ನಮ್ಮ ಸೀಮೆಯದೇ ಆದ ಅರಸೀಕೆರೆಯವರೆಗೂ ನಾನು ಹಾಡು ಹೇಳುತ್ತಲೇ ಬಂದೆ. ಅಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯ ಅಜ್ಜಿ ಬೆಂಚು ತೋರಿಸಿ, “ಕುಂದ್ರವ್ವಾ” ಎಂದರು.

“ಬ್ಯಾಡಬೇ, ಬೆಂಚು ನೋಡಿದ್ರಾನೂ ನೋಯ್ತೈತಿ” ಎಂದು ಅಕ್ಕ ನಿಂತೇ ಕುಡಿದಳು.

ನಾನು ಮುಖ ತೊಳೆದವನು, ಒರೆಸಿಕೊಳ್ಳಲು ಮೈಮರೆತು ಸೀಟಿನ ಮೇಲಿನ ಟವೆಲ್ ಎಳೆದೆ. ಅಕ್ಕನಿಗೆ ಕಂಬಳಿ ಕಂಡಿತು.

“ಲೇ ತಮ್ಮಾ, ಕೊಟ್ಟೂರಿಂದ ಇದರ ಮ್ಯಾಲೆ ಕುಂತು ಬಂದಾವ ಯಾವ ದೇವ್ರಲೇ?”

ಅಜ್ಜಿ ನನಗೆ ಕೈ ಮುಗಿದರು.

“ನಾ ನಡಕೊಂತ ಹೋಗ್ತೀನಿ. ತಡ ಯಾಕಾತಂತ ನಿಮ್ಮ ಭಾವಗ ನೀನಾ ಹೇಳು” ಎಂದು ಅಕ್ಕ ಬಟ್ಟೆಗಂಟು ಎತ್ತಿಕೊಂಡು ಹೊರಟೇಬಿಟ್ಟಳು. ಕಂಬಳಿಯನ್ನು ಕ್ಯಾರಿಯರ್‌ಗೆ ಬಿಗಿದು, ಸೈಕಲ್ ತಳ್ಳಿಕೊಂಡು ಹಿಂದೆ ಓಡಿದೆ. ಅಕ್ಕ ಹತ್ತಿ ಕೂತಳು. ನಾನು ಬರೀ ಸೀಟಿನ ಮೇಲೆ ಕೂತೆ. ಊರು ದಾಟಿದ ಮೇಲೆ ಸಿಕ್ಕ ಮೊದಲ ಗುಂಡಿಗೇ ನಾನು ಬಾಯಿ ಬಿಟ್ಟೆ:

“ಯವ್ವಾ! ತಪ್ಪಾತಕ್ಕಾ, ತಪ್ಪಾತು!”