ಅಕ್ಕನ ಮೊಣಕಾಲಿನ ಹೊಲಿಗೆ

ಹೊಲಿಗೆ ಹಾಕಿದ ಮೊಣಕಾಲನ್ನು ಕಾಯುವುದು ಏನು ಮಹಾ ಕೆಲಸ ಅಂತೀರಾ? ಆ ಮೊಣಕಾಲು ನನ್ನ ಅಕ್ಕನದು. ಈಗ ಹೇಳಿ.

ಅಕ್ಕನ ಮನೆ ಕಾಗವಾಡದಲ್ಲಿ. ದ್ರಾಕ್ಷಿ ಕೊಯ್ಲಿನಲ್ಲಿ ತುಂಬಿದ ಪೆಟ್ಟಿಗೆ ಎತ್ತಿ ಗಕ್ಕನೆ ಹೊರಳಿದಳು, ಮೊಣಕಾಲು ಕಟಕ್ ಎಂದಿತು. ಮಿರಜಿನ ಡಾಕ್ಟರು ಸ್ಕ್ಯಾನ್ ನೋಡಿ, ‘ಎಲುಬಿನ ನಡುವಿನ ಗಾದಿ ಹರಿದೈತ್ರಿ’ ಎಂದರು. (ಮೆನಿಸ್ಕಸ್ ಎಂಬುದು ಅದರ ಇಂಗ್ಲಿಷ್ ಹೆಸರು. ಅಕ್ಕನಿಗೆ ಇವತ್ತಿಗೂ ಅದು ಗಾದಿಯೇ.)

‘ಹರಿದ ತುಣುಕು ಕತ್ತರಿಸಿ ತಗದ್ರ ಲಗೂನ ನಡೀತೀರಿ. ಆದ್ರ ಮುಂದ ಎಲುಬು ತಿಕ್ಕಾಕ ಚಾಲೂ ಆಕ್ಕಾವ. ನಿಮ್ಮದು ಅಂಚಿನಾಗ ಹರಿದೈತಿ, ಅಲ್ಲಿ ರಕ್ತ ಆಡತೈತಿ. ಹೊಲದ್ರ ಕೂಡಕೊಂತೈತಿ. ಖರೇ, ನಾಕು ತಿಂಗಳ ಕಾಲು ಪೂರಾ ಮಡಚಂಗಿಲ್ಲ.’

ವರ್ಷಕ್ಕೆರಡು ಕೌದಿ ಹೊಲಿಯುವ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ‘ಗಂಟು ಎಲ್ಲಿ ಹಾಕತೀರಿ?’

ಡಾಕ್ಟರು ನಕ್ಕು ಚಿತ್ರ ಬರೆದು ತೋರಿಸಿದರು. ಎರಡು ಸಣ್ಣ ತೂತು, ಒಂದರಲ್ಲಿ ದುರ್ಬೀನು, ಇನ್ನೊಂದರಲ್ಲಿ ಸೂಜಿ. ದಾರ, ಗಂಟು ಎಲ್ಲ ಒಳಗೇ ಉಳಿಯುತ್ತವೆ.

‘ಹಂಗಾರ ಹೊಲೀರಿ’ ಎಂದಳು.

ಹೊಲಿದರು. ಮೂರನೇ ವಾರಕ್ಕೆ ಊರಿಗೆ ಮುನಿ ಮಹಾರಾಜರು ಬಂದರು. ನಮ್ಮ ಜೈನರ ಮನೆಗೆ ಮಹಾರಾಜರು ಆಹಾರಕ್ಕೆ ಬಂದರೆ, ಹೆಂಗಸರು ಎರಡೂ ಕಾಲನ್ನು ಒಂದು ಬದಿಗೆ ಮಡಚಿ ಕುಳಿತು, ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸುತ್ತಾರೆ. ಡಾಕ್ಟರು ಬೇಡವೆಂದದ್ದು ಅದನ್ನೇ.

‘ಒಮ್ಮೆ ಕೂತರ ಏನಾಕ್ಕೈತಿ, ತಮ್ಮಾ?’

‘ಹೊಲಿಗಿ ಬಿಚ್ಚತೈತಿ, ಅಕ್ಕಾ.’

‘ಮಹಾರಾಜರು ದಿನಾ ಬರ್ತಾರೇನು?’

ನನಗೆ ಭಯ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಇವಳು. ಜೀವನಪೂರ್ತಿ ಕುಂಟಿದರೆ ನೋಡಲು ನನ್ನಿಂದಾಗದು.

ಮಹಾರಾಜರು ಅಕ್ಕನ ಮನೆಗೇ ಬಂದರು, ಅವರ ಆಹಾರ ಮುಗಿಯಿತು. ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಅದನ್ನು ತೆಗೆದು ಅವಳ ಕೈಗೆ ಮರಳಿ ಕೊಟ್ಟರು. ‘ನೀ ನಿಂತಕೊಂಡ ಕೈ ಮುಗಿ.’

ಆಮೇಲೆ ತಾವು ಮಂಡಿಯೂರಿ, ‘ನಮೋಸ್ತು’ ಎಂದು ನಮಸ್ಕರಿಸಿದರು. ಎದ್ದರು. ಮತ್ತೆ ಕುಳಿತರು. ಈ ಸಲ ಥೇಟ್ ಹೆಂಗಸರ ಹಾಗೆ, ಎರಡೂ ಕಾಲು ಒಂದು ಬದಿಗೆ ಮಡಚಿ. (ಮೀಸೆಯಿರುವ ಭಾವ. ನೆರೆದ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು.)

‘ಇದು ಆಕೀದ್ರಿ, ಮಹಾರಾಜ’ ಎಂದರು.

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಅಕ್ಕನ ಕಡೆ ತಿರುಗಿ ಹರಸಿದರು. ಅಕ್ಕ ನಿಂತಲ್ಲೇ ಅತ್ತಳು. ನಾನೂ ಅತ್ತೆ.

ಮೊಣಕಾಲು ಕೈಕೊಟ್ಟ ದಿನ ನಮ್ಮ ಪರವಾಗಿ ಇನ್ನೊಮ್ಮೆ ಬಾಗುವವರು ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದ್ದಾರೆ?